ಟಗರಿಗೆ ಟೆಸ್ಟೋಸ್ಟೆರಾನ್ ಸೂಜಿ ಹಾಕಿಸಿದವರು ಯಾರಾದರೂ ಇದ್ದೀರಾ?

ಮಳವಳ್ಳಿ ರೈತ:
ನಮ್ಮ ಎರಡು ವರ್ಷದ ಬನ್ನೂರು ಟಗರು ಬೆದೆಗೆ ಬಂದ ಕುರಿಯನ್ನು ಮೂಸಿ ಸುಮ್ಮನಾಗುತ್ತದೆ. ರಕ್ತ ಪರೀಕ್ಷೆಯಲ್ಲಿ ಟೆಸ್ಟೋಸ್ಟೆರಾನ್, ಅಂದ್ರೆ ಗಂಡು ಹಾರ್ಮೋನ್, ಕಮ್ಮಿ ಅಂತ ಬಂತು. ಸೂಜಿ ಹಾಕಿಸಲಾ? ಅನುಭವ ಇದ್ದವರು ತಿಳಿಸಿ.

ಶಿರಾ ಕುರಿಗಾರ:
ಹಾಕಿಸಿ ಕೈ ಸುಟ್ಟುಕೊಂಡವನು ನಾನು. ಟಗರಿಗೆ ಕೊಟ್ಟಿದ್ದು 32,000. ವಾರಕ್ಕೊಂದರಂತೆ ಆರು ಸೂಜಿ. ಒಂದಕ್ಕೆ 380, ಡಾಕ್ಟರ್ ಬಂದು ಹೋಗಲು ಪ್ರತಿ ಸಲ 500. ಒಟ್ಟು 5,280. ಮೂರನೇ ಸೂಜಿಗೇ ಟಗರು ಬೇಲಿ ಗುದ್ದಿತು, ಸಿಕ್ಕ ಕುರಿಯನ್ನೆಲ್ಲ ಏರಿತು. ಖುಷಿಪಟ್ಟೆ. 22 ಕುರಿಯಲ್ಲಿ ಗಬ್ಬ ನಿಂತಿದ್ದು ಮೂರೇ. ಉಳಿದವು 17 ದಿನಕ್ಕೆ ಮತ್ತೆ ಬೆದೆಗೆ ಬಂದವು. ಟಗರಿನ ಬೀಜ ಹಿಡಿದು ನೋಡಿದೆ. ಮೊದಲು ಎರಡು ಕೈ ತುಂಬುತ್ತಿತ್ತು, ಈಗ ಒಂದೇ ಕೈಗೆ ಸಿಕ್ಕಿತು. ಹಣ್ಣಾದ ಸಪೋಟದ ಹಾಗೆ ಮೆತ್ತಗೆ. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದರೆ ಬೀಜಕ್ಕೆ ಕೆಲಸ ಮಾಡು ಅಂತ ಹೇಳಲು ಮೆದುಳಿನ ಕಡೆಯಿಂದ ಬರುವ ಎಲ್‌ಎಚ್ ಅನ್ನೋ ಹಾರ್ಮೋನ್ ನಿಂತುಹೋಗುತ್ತದೆ. ಆಗ ಬೀಜದೊಳಗೆ ತಯಾರಾಗುವ ಟೆಸ್ಟೋಸ್ಟೆರಾನ್ ಬತ್ತುತ್ತದೆ, ವೀರ್ಯಾಣು ಬೆಳೆಯೋದಿಲ್ಲ. 19 ಕುರಿ ಖಾಲಿ ಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಮೇವು ತಿಂದವು.

ತಿಪಟೂರು ಹುಡುಗ:
ಆ ರಕ್ತ ಪರೀಕ್ಷೆಯನ್ನೇ ನಂಬಬೇಡಿ. ನಾನು ಒಂದೇ ಟಗರಿನ ರಕ್ತ ಒಂದೇ ದಿನ ನಾಲ್ಕು ಸಲ ತೆಗೆಸಿದೆ. 3,600 ರೂಪಾಯಿ ಹೋಯಿತು. ಟೆಸ್ಟೋಸ್ಟೆರಾನ್ ಬೆಳಗ್ಗೆ 8ಕ್ಕೆ 0.7, 11ಕ್ಕೆ 6.2, ಮಧ್ಯಾಹ್ನ 1.1, ಸಂಜೆ 5.4. ಎಲ್‌ಎಚ್ ಅನ್ನೋದು ನಲ್ಲಿಯ ನೀರಿನ ಹಾಗೆ ಒಂದೇ ಸಮ ಸುರಿಯೋದಿಲ್ಲ, ಬಿಟ್ಟು ಬಿಟ್ಟು ಚಿಮ್ಮುತ್ತದೆ. ಚಿಮ್ಮಿದ ಒಂದು ಗಂಟೆಯ ಒಳಗೆ ಟೆಸ್ಟೋಸ್ಟೆರಾನ್ ಏರುತ್ತದೆ, ಆಮೇಲೆ ಇಳಿಯುತ್ತದೆ. ಇನ್ನೊಂದು, ಈಗ ಹಗಲು ಜಾಸ್ತಿ. ಹಗಲು ಚಿಕ್ಕದಾದರೆ ಟಗರಿಗೆ ಹುಮ್ಮಸ್ಸು ಬರುತ್ತದೆ, ಅಲ್ಲಿವರೆಗೆ ಕಾಯಿರಿ.

ಶಿರಾ ಕುರಿಗಾರ:
ಹಗಲಿನ ಲೆಕ್ಕ ಬ್ರಿಟನ್ ಕುರಿಗೆ ತಮ್ಮಾ. ನಮ್ಮಲ್ಲಿ ಜೂನ್‌ಗೂ ಡಿಸೆಂಬರ್‌ಗೂ ಹಗಲಿನ ವ್ಯತ್ಯಾಸ ಒಂದೂವರೆ ಗಂಟೆ ಅಷ್ಟೇ. ನಮ್ಮ ಟಗರು ವರ್ಷವಿಡೀ ಏರುತ್ತೆ. ಸುಮ್ನೆ ವಿಡಿಯೋ ನೋಡಿ ಹೇಳಬೇಡ.

ತಿಪಟೂರು ಹುಡುಗ:
ಸೂಜಿ ಹಾಕಿಸಿ ಟಗರು ಕೆಡಿಸಿದವರು ನನಗೆ ಪಾಠ ಹೇಳಬೇಕಾ? ನಾಲ್ಕು ಸಲ ರಕ್ತ ತೆಗೆಸಿದ್ದು ನನ್ನ ದುಡ್ಡಲ್ಲಿ.

ಕೊಪ್ಪಳದ ಹೆಣ್ಣುಮಗಳು:
ಜಗಳ ಬಿಡ್ರಿ. ಬಿಸಿಲಿನ ಮಾತು ಯಾರೂ ಎತ್ತಲಿಲ್ಲ. ನಮ್ಮ ಕೆಂಗುರಿ ಟಗರು ಏಪ್ರಿಲ್ ಪೂರ್ತಿ ತಗಡಿನ ಶೆಡ್ಡಲ್ಲಿ ಬೆಂದಿತ್ತು. ಜೂನ್‌ನಲ್ಲಿ ಚೆನ್ನಾಗಿ ಏರಿತು, ಒಂದೂ ಗಬ್ಬ ನಿಲ್ಲಲಿಲ್ಲ. ಬಿಸಿಲಿಗೆ ಕೆಟ್ಟ ವೀರ್ಯಾಣುವಿನ ಜಾಗಕ್ಕೆ ಹೊಸದು ತಯಾರಾಗಲು 49 ದಿನ, ಬಲಿತು ಹೊರಬರಲು ಮತ್ತೆ ಹತ್ತಿರ ಹತ್ತಿರ ಎರಡು ವಾರ ಬೇಕು. ನನಗೆ ಅದು ಗೊತ್ತಿರಲಿಲ್ಲ. 27,000 ಕೊಟ್ಟು ತಂದಿದ್ದನ್ನು ಸಿಟ್ಟಿನಲ್ಲಿ ಅಮೀನಗಡ ಸಂತೆಯಲ್ಲಿ 14,000ಕ್ಕೆ ಮಾರಿದೆ. ಕೊಂಡವರು ಬೇವಿನ ಮರದ ನೆರಳಿಗೆ ಕಟ್ಟಿದರು. ದೀಪಾವಳಿ ಹೊತ್ತಿಗೆ ಅವರ 18 ಕುರಿ ಗಬ್ಬ.

ಶಿರಾ ಕುರಿಗಾರ:
ತಗಡಿನ ಮೇಲೆ ತೆಂಗಿನ ಗರಿ ಹೊದಿಸಬೇಕಿತ್ತು ಅಕ್ಕಾ. ನೂರು ರೂಪಾಯಿಯ ಕೆಲಸ.

ಕೊಪ್ಪಳದ ಹೆಣ್ಣುಮಗಳು:
ನಮ್ಮೂರಲ್ಲಿ ತೆಂಗು ಎಲ್ಲಿದೆ ಅಣ್ಣಾ? ಜೋಳದ ದಂಟು ಹೊದಿಸಿದರೆ ಬೇಸಿಗೆಯಲ್ಲಿ ಕುರಿಗೆ ಏನು ಹಾಕಲಿ?