ಅಲಸಂಡೆ ಬೀಜದಷ್ಟು ಜಾಗಕ್ಕೆ ಗಡಿ ಎಳೆಯುವುದು: 0.75 ಎಂದರೆ ಸೋತ ಹಾಗೆಯೇ?

ಸುರತ್ಕಲ್ ಹಾಸ್ಟೆಲ್
ಎಂಆರ್‌ಐ ಚಿತ್ರದಲ್ಲಿ ಮಿದುಳಿನ ಆಳದ ಭಾಗಗಳ ಗಡಿಯನ್ನು ತಾನಾಗಿ ಗುರುತಿಸುವ ಪ್ರೋಗ್ರಾಂ ನನ್ನ ಅಂತಿಮ ವರ್ಷದ ಪ್ರಾಜೆಕ್ಟ್. ಬಳಸಿದ್ದು ಯು-ನೆಟ್, ಚಿತ್ರದ ಭಾಗಗಳನ್ನು ಬೇರ್ಪಡಿಸಲು ಕಲಿಯುವ ಒಂದು ನ್ಯೂರಲ್ ನೆಟ್‌ವರ್ಕ್. ಆಳದ ದೊಡ್ಡ ಭಾಗವಾದ ಥಾಲಮಸ್‌ಗೆ ಡೈಸ್ ಅಂಕ 0.92 ಬಂದಿದೆ. ಪಾರ್ಕಿನ್ಸನ್ (ನಡುಕದ ರೋಗ) ಶಸ್ತ್ರಚಿಕಿತ್ಸೆಯಲ್ಲಿ ವಿದ್ಯುತ್ತು ಹರಿಸುವ ತಂತಿ ಇಳಿಸುವ ಸಬ್‌ಥಲಾಮಿಕ್ ನ್ಯೂಕ್ಲಿಯಸ್‌ಗೆ ಮಾತ್ರ 0.75. ಮೂರು ವಾರದಿಂದ ಏನು ಮಾಡಿದರೂ ಅಲ್ಲಾಡುತ್ತಿಲ್ಲ. ಡೈಸ್ ಗೊತ್ತಿಲ್ಲದವರಿಗೆ: ಪ್ರೋಗ್ರಾಂ ಎಳೆದ ಆಕಾರ ಮೂಲ ಆಕಾರದ ಮೇಲೆ ಸರಿಯಾಗಿ ಕೂತರೆ 1, ಎಲ್ಲಿಯೂ ತಾಗದಿದ್ದರೆ 0. "ಈ ಅಂಕ ಇಟ್ಟುಕೊಂಡು ವೈವಾಕ್ಕೆ ಬರಬೇಡ" ಎಂದು ಗೈಡ್ ಹೇಳಿದ್ದಾರೆ. ಅಷ್ಟು ಕೆಟ್ಟದ್ದೇ ಇದು?

ಉಡುಪಿ ಸ್ಕ್ಯಾನ್ ಕೋಣೆ
ಸ್ಲೈಸ್, ಅಂದರೆ ಒಂದೊಂದು ಚಿತ್ರದ ಪದರ, ಎಷ್ಟು ದಪ್ಪ ಎಂದು ಮೊದಲು ಹೇಳಿ. ತಲೆನೋವೆಂದು ಬರುವವರಿಗೆ ನಾವು ದಿನವೂ ತೆಗೆಯುವುದು 5 ಮಿ.ಮೀ. ಸ್ಲೈಸ್. ನೀವು ಹೇಳುವ ನ್ಯೂಕ್ಲಿಯಸ್ ಒಂದು ಅಲಸಂಡೆ ಬೀಜದಷ್ಟು. 5 ಮಿ.ಮೀ. ಸ್ಲೈಸಿನಲ್ಲಿ ಅದು ಒಂದು ಕಡೆ ಕಾಣಿಸಿದರೆ ಪುಣ್ಯ, ಎರಡು ಕಡೆ ಕಾಣಿಸಿದರೆ ಹಬ್ಬ.

ಸುರತ್ಕಲ್ ಹಾಸ್ಟೆಲ್
ಇಲ್ಲ ಸರ್, 1 ಮಿ.ಮೀ. ಮೂರೂ ದಿಕ್ಕಿನಲ್ಲಿ 1 ಮಿ.ಮೀ. ಇರುವ ಟಿ1 (ಎಂಆರ್‌ಐ ತೆಗೆಯುವ ಒಂದು ಬಗೆ) ಚಿತ್ರಗಳು.

ನಿವೃತ್ತ ಸರ್ವೇಯರ್
ನನಗೆ ಮಿದುಳಿನ ಶಾಸ್ತ್ರ ಗೊತ್ತಿಲ್ಲ. ತಮ್ಮನಿಗೆ ಇದೇ ತಂತಿ ಹಾಕಿಸಿ ನಾಲ್ಕು ವರ್ಷವಾಯಿತು, ಅದಕ್ಕೆ ಓದುತ್ತಿದ್ದೇನೆ. ಆದರೆ ಈ ಗಡಿ ತಕರಾರು ನನಗೆ ಹೊಸದಲ್ಲ ಮಾರಾಯರೇ. ಎರಡು ಎಕರೆ ಅಡಿಕೆ ತೋಟದ ಬೇಲಿ ಒಂದು ಅಡಿ ಆಚೀಚೆ ಆದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಐದು ಸೆಂಟ್ಸ್ ಮನೆ ಜಾಗದಲ್ಲಿ ಅದೇ ಒಂದು ಅಡಿಗೆ ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತಿದ್ದನ್ನು ಕಂಡಿದ್ದೇನೆ. ನಿಮ್ಮ 0.92 ತೋಟ, 0.75 ಮನೆ ಜಾಗ. ತಪ್ಪು ಒಂದೇ ಅಳತೆಯದು ಇರಬಹುದಲ್ಲವೇ?

ಮಣಿಪಾಲದ ಗೆರೆಗಾತಿ
ರಾಯರು ಹೇಳಿದ್ದನ್ನು ಲೆಕ್ಕದಲ್ಲಿಯೇ ತೋರಿಸುತ್ತೇನೆ. (ನಾನು ರೇಡಿಯಾಲಜಿ ವಿದ್ಯಾರ್ಥಿನಿ. ಇಂಥ ಗಡಿಗಳನ್ನು ಮೌಸ್ ಹಿಡಿದು ಕೈಯಲ್ಲೇ ಎಳೆಯುವುದು ನನ್ನ ಪಾಲಿಗೆ ಬಂದ ಪುಣ್ಯ.) ಆ ನ್ಯೂಕ್ಲಿಯಸ್ಸನ್ನು ಬದಿಗೆ 5 ಚುಕ್ಕಿಗಳ ಘನ ಎಂದುಕೊಳ್ಳಿ. ನಿಮ್ಮ ಚಿತ್ರದಲ್ಲಿ ಒಂದು ಚುಕ್ಕಿ ಎಂದರೆ ಬದಿಗೆ 1 ಮಿ.ಮೀ. ಇರುವ ಪುಟ್ಟ ಘನ. ಒಟ್ಟು 125 ಚುಕ್ಕಿಗಳು, ನಿಜವಾದ ಗಾತ್ರಕ್ಕೆ ದೂರವೇನಲ್ಲ. ಅವುಗಳಲ್ಲಿ ಪೂರ್ತಿ ಒಳಗಿರುವುದು 27 ಮಾತ್ರ. ಉಳಿದ 98 ಗಡಿಯಲ್ಲೇ ಕೂತಿವೆ. ಇಡೀ ಘನವನ್ನು ಒಂದೇ ದಿಕ್ಕಿಗೆ ಒಂದೇ ಚುಕ್ಕಿ ಸರಿಸಿದರೆ ಡೈಸ್ 0.80ಕ್ಕೆ ಇಳಿಯುತ್ತದೆ. ಮೂರೂ ದಿಕ್ಕಿಗೆ ಒಂದೊಂದು ಚುಕ್ಕಿ ಸರಿದರೆ 0.51. ಬದಿಗೆ 20 ಚುಕ್ಕಿಗಳ ಘನವನ್ನು ಒಂದು ಚುಕ್ಕಿ ಸರಿಸಿ ನೋಡಿ, ಆಗಲೂ 0.95 ಇರುತ್ತದೆ. ನಿಮ್ಮ ಗೈಡ್ ಥಾಲಮಸ್‌ನ ತಕ್ಕಡಿಯಲ್ಲಿ ಅಲಸಂಡೆ ಬೀಜ ತೂಗುತ್ತಿದ್ದಾರೆ.

ಸುರತ್ಕಲ್ ಹಾಸ್ಟೆಲ್
ಅಕ್ಕ, ಇದನ್ನೇ ನಾಳೆ ಅವರಿಗೆ ತೋರಿಸುತ್ತೇನೆ!

ರಾತ್ರಿ ಪಾಳಿ, ಕಂಕನಾಡಿ
ಸ್ವಲ್ಪ ತಡೆಯಿರಿ. ಲೆಕ್ಕ ಸರಿ, ಸಮಾಧಾನ ತಪ್ಪು. ನರಶಸ್ತ್ರಚಿಕಿತ್ಸೆ ಕಲಿಯುತ್ತಿರುವವನಾಗಿ ಹೇಳುತ್ತೇನೆ. ವರ್ಷಗಟ್ಟಲೆ ಬಳಕೆಯಲ್ಲಿದ್ದ ಒಂದು ತಂತಿಯ ದಪ್ಪ 1.27 ಮಿ.ಮೀ. ತುದಿಯಲ್ಲಿ ನಾಲ್ಕು ಲೋಹದ ಬಳೆಗಳು, ಒಂದೊಂದು 1.5 ಮಿ.ಮೀ. ಉದ್ದ, ನಡುವೆ ಅರ್ಧ ಮಿ.ಮೀ. ಅಂತರ. ಅದು ಹೊರಬದಿಗೆ ಒಂದೆರಡು ಮಿ.ಮೀ. ಸರಿದರೆ ವಿದ್ಯುತ್ತು ಪಕ್ಕದ ಇಂಟರ್ನಲ್ ಕ್ಯಾಪ್ಸೂಲ್ ಎಂಬ ನರತಂತುಗಳ ಕಟ್ಟಿಗೆ ಹರಿದು ಮಾತು ತೊದಲುತ್ತದೆ, ಮುಖವೋ ಕೈಯೋ ಸೆಳೆಯುತ್ತದೆ. ನಿಮ್ಮ ಘನ ಒಂದು ಚುಕ್ಕಿ ಸರಿದದ್ದು ಲೆಕ್ಕದಲ್ಲಿ ಕ್ಷಮ್ಯ ಎನ್ನುತ್ತೀರಿ. ಅದು ಯಾವ ದಿಕ್ಕಿಗೆ ಸರಿಯಿತು? ಡೈಸ್ ಅದನ್ನು ಹೇಳುವುದೇ ಇಲ್ಲ. ಕೇಂದ್ರಬಿಂದು ಎಷ್ಟು ಮಿ.ಮೀ. ಎತ್ತ ತಪ್ಪಿದೆ ಎಂದು ತೋರಿಸಿ, ಆಮೇಲೆ ಮಾತಾಡೋಣ.

ಇನ್ನೊಂದು. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ನರಶಸ್ತ್ರಚಿಕಿತ್ಸಕ ಬೆನಬಿಡ್ ಅವರ ತಂಡ 1987ರಲ್ಲಿ ನಡುಕಕ್ಕೆ ಥಾಲಮಸ್‌ನ ವಿದ್ಯುತ್ ಪ್ರಚೋದನೆ ಶುರು ಮಾಡಿದಾಗ ಯು-ನೆಟ್ ಇರಲಿಲ್ಲ. ಮಿದುಳಿನ ಎರಡು ಕಮಿಷರ್‌ಗಳ (ಎಡಬಲ ಭಾಗಗಳನ್ನು ಜೋಡಿಸುವ ನರಕಟ್ಟುಗಳ) ನಡುವಿನ ಗೆರೆಯೇ ಆಧಾರ. ಸಬ್‌ಥಲಾಮಿಕ್‌ಗೆ ಈಗಲೂ ಬಾಯಿಪಾಠದ ಲೆಕ್ಕವಿದೆ: ಆ ಗೆರೆಯ ನಡುಬಿಂದುವಿನಿಂದ ಪಕ್ಕಕ್ಕೆ ಸುಮಾರು 12, ಹಿಂದಕ್ಕೆ 3, ಕೆಳಕ್ಕೆ 4 ಮಿ.ಮೀ. ಆಮೇಲೆ ಸೂಕ್ಷ್ಮ ಎಲೆಕ್ಟ್ರೋಡ್ ಇಳಿಸಿ ಕಿವಿಯಿಂದಲೇ ಖಾತ್ರಿ ಮಾಡಿಕೊಳ್ಳುವುದು. ನ್ಯೂಕ್ಲಿಯಸ್ ಒಳಹೊಕ್ಕ ಕ್ಷಣ ಸ್ಪೀಕರಿನಲ್ಲಿ ಸದ್ದು ಏಕಾಏಕಿ ದಟ್ಟವಾಗುತ್ತದೆ, ತಗಡಿನ ಮಾಡಿಗೆ ಆಟಿಯ ಮಳೆ ಹಿಡಿದ ಹಾಗೆ.

ಮಣಿಪಾಲದ ಗೆರೆಗಾತಿ
12-3-4 ಎಲ್ಲರ ತಲೆಗೂ ಒಂದೇ ಆಗಿದ್ದರೆ ನಾನು ಕೆಲಸವಿಲ್ಲದೆ ಸುಖವಾಗಿರುತ್ತಿದ್ದೆ. ವಯಸ್ಸಾದಂತೆ ಮಿದುಳಿನೊಳಗಿನ ದ್ರವ ತುಂಬಿದ ಕುಹರಗಳು ಹಿಗ್ಗುತ್ತವೆ, ಪಕ್ಕದ್ದನ್ನೆಲ್ಲ ತಳ್ಳುತ್ತವೆ. ಆ ರೋಗಿಯ ಬೀಜ ಆ ರೋಗಿಯ ಚಿತ್ರದಲ್ಲೇ ಕಾಣಬೇಕು. ದಿಕ್ಕಿನ ಮಾತು ಒಪ್ಪಿದೆ.

ತಮ್ಮಾ, ನಿನಗೊಂದು ಪ್ರಶ್ನೆ. ಮೂಲ ಆಕಾರ ಎಂದೆಯಲ್ಲ, ಅದನ್ನು ಎಳೆದವರು ಯಾರು? ಟಿ1 ಚಿತ್ರದಲ್ಲಿ ಸಬ್‌ಥಲಾಮಿಕ್ ಕಾಣಿಸುವುದೇ ಇಲ್ಲ ಎನ್ನಬೇಕು.

ಸುರತ್ಕಲ್ ಹಾಸ್ಟೆಲ್
ಯಾರೂ ಕೈಯಿಂದ ಎಳೆದದ್ದಲ್ಲ. ಸಿದ್ಧ ಅಟ್ಲಾಸ್ (ಮಾದರಿ ಮಿದುಳಿನ ನಕ್ಷೆ) ಒಂದನ್ನು ಪ್ರತಿ ಚಿತ್ರಕ್ಕೂ ಹೊಂದಿಸಿ ಪಡೆದದ್ದು. ಬೇರೆ ದಾರಿ ಇರಲಿಲ್ಲ ಅಕ್ಕ. ಮಿದುಳಿನ ಭಾಗ ಗುರುತಿಸುವ ಸಿದ್ಧ ಸಾಫ್ಟ್‌ವೇರ್‌ಗಳನ್ನೂ ನೋಡಿದೆ. ಎಫ್‌ಎಸ್‌ಎಲ್‌ನ ಫಸ್ಟ್ ಕೊಡುವ 15 ಭಾಗಗಳಲ್ಲಿ ಇದು ಇಲ್ಲ. ಫ್ರೀಸರ್ಫರ್ ಸಾಮಾನ್ಯವಾಗಿ ಕೊಡುವ ಪಟ್ಟಿಯಲ್ಲೂ ಪ್ರತ್ಯೇಕವಾಗಿ ಸಿಗುವುದಿಲ್ಲ.

ನಿವೃತ್ತ ಸರ್ವೇಯರ್
ಅಂದರೆ ಜಾಗಕ್ಕೆ ಹೋಗಲೇ ಇಲ್ಲ. ಬೇರೆಯವರ ಜಾಗದ ನಕ್ಷೆಯನ್ನು ಎಳೆದು ಹಿಗ್ಗಿಸಿ ಇದಕ್ಕೆ ಹೊದಿಸಿದಿರಿ. ಹುಡುಗನ ಮೇಲೆ ಸಿಟ್ಟಿಲ್ಲ. ನನ್ನ ಇಲಾಖೆಯಲ್ಲಿಯೂ ಕುರ್ಚಿಯಿಂದ ಏಳದೆ ಅಳೆದವರಿದ್ದರು.

ಮಣಿಪಾಲದ ಗೆರೆಗಾತಿ
ಹಾಗಾದರೆ ನಿನ್ನ 0.75 ಹೇಳುತ್ತಿರುವುದು ಅಟ್ಲಾಸನ್ನು ಎಷ್ಟು ಚೆನ್ನಾಗಿ ನಕಲು ಮಾಡಿದೆ ಎಂಬುದನ್ನು. 0.95 ಬಂದಿದ್ದರೆ ಅಟ್ಲಾಸಿನ ತಪ್ಪನ್ನೂ ಚಾಚೂತಪ್ಪದೆ ಕಲಿತಂತಾಗುತ್ತಿತ್ತು.

ಕಬ್ಬಿಣದ ಅಂಶವಿರುವುದರಿಂದ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಟಿ2 ಎಂಬ ಇನ್ನೊಂದು ಬಗೆಯ ಎಂಆರ್‌ಐನಲ್ಲಿ ಕಪ್ಪಾಗಿ ಕಾಣಿಸುತ್ತದೆ. ಎಸ್‌ಡಬ್ಲ್ಯುಐ, ಕ್ಯುಎಸ್‌ಎಂ ಎಂಬ ಬಗೆಯ ಚಿತ್ರಗಳೂ ಆ ಕಬ್ಬಿಣವನ್ನೇ ಹಿಡಿಯುತ್ತವೆ. ಆದರೆ ಅದರ ಕೆಳಗೇ ಒತ್ತಿಕೊಂಡಿರುವ ಸಬ್‌ಸ್ಟ್ಯಾನ್ಷಿಯಾ ನೈಗ್ರಾ ಎಂಬ ಭಾಗದಲ್ಲಿಯೂ ಕಬ್ಬಿಣವಿದೆ. ಕಪ್ಪಿನ ಪಕ್ಕ ಕಪ್ಪು. ಮೇಲಂಚು ಸಲೀಸು, ಕೆಳಗಂಚಿಗೆ ಬಂದಾಗ ಮೌಸ್ ಹಿಡಿದ ಕೈ ನಿಲ್ಲುತ್ತದೆ. ಕಳೆದ ತಿಂಗಳು ನಾನೇ ಎಳೆದ ಒಂದು ಚಿತ್ರವನ್ನು ಹಳೆಯ ಗೆರೆ ಮುಚ್ಚಿಟ್ಟು ಮತ್ತೆ ಎಳೆದೆ. ಎರಡೂ ನನ್ನದೇ ಕೈ. ಕೆಳಗಂಚಿನಲ್ಲಿ ಒಂದಿಡೀ ಸಾಲು ಚುಕ್ಕಿಗಳ ವ್ಯತ್ಯಾಸ.

ರಾತ್ರಿ ಪಾಳಿ, ಕಂಕನಾಡಿ
ನೋಡಿದಿರಾ? ಅದಕ್ಕೇ ನಮಗೆ ಕಿವಿ ಬೇಕು ಎಂದದ್ದು.

ಮಣಿಪಾಲದ ಗೆರೆಗಾತಿ
ಕಿವಿಗೂ ಮೊದಲು ತೂತು ಎಲ್ಲಿ ಕೊರೆಯಬೇಕು ಎಂದು ಹೇಳುವುದು ಚಿತ್ರವೇ, ಡಾಕ್ಟರೇ. ತಲೆಬುರುಡೆ ತೆರೆದು ಗಾಳಿ ಒಳಹೋದ ಮೇಲೆ ಮಿದುಳು ಕುಸಿಯುವುದು ನಿಮಗೆ ಗೊತ್ತೇ ಇದೆ. ಸದ್ದು ಹುಡುಕುತ್ತಾ ಎಷ್ಟು ಸಲ ತಂತಿ ಇಳಿಸುತ್ತೀರಿ?

ರಾತ್ರಿ ಪಾಳಿ, ಕಂಕನಾಡಿ
ಇದಕ್ಕೆ ಉತ್ತರ ಕೊಡಲು ಚಹಾ ಬೇಕು. ಆದರೂ ಕಿವಿ ಬಿಡುವವನಲ್ಲ ನಾನು.

ಉಡುಪಿ ಸ್ಕ್ಯಾನ್ ಕೋಣೆ
ನೀವೆಲ್ಲ ಚಿತ್ರ ಬಂದ ಮೇಲಿನ ಜಗಳ ಮಾಡುತ್ತಿದ್ದೀರಿ. ಈ ಚಿತ್ರ ಬೇಕಾಗಿರುವುದು ನಡುಕವಿರುವವರದು, ಅದನ್ನು ಯಾರೂ ಹೇಳಲಿಲ್ಲ. ಮೊನ್ನೆ ಒಬ್ಬ ಅಜ್ಜನವರು ಬಂದಿದ್ದರು. ತಲೆಯ ಎರಡೂ ಬದಿಗೆ ಸ್ಪಂಜು ತುರುಕಿದೆ, ಕೈಗಳನ್ನು ಹೊದಿಕೆಯಲ್ಲಿ ಸುತ್ತಿದೆ. ಮೊದಲ ಸಲ ಚಿತ್ರವೆಲ್ಲ ಅಲೆ ಅಲೆ. ಎರಡನೆಯ ಸಲವೂ ಅದೇ. ನಾನು ಸುಮ್ಮನೆ ಕಾದೆ. ಯಂತ್ರದ ಆ ಗದ್ದಲದಲ್ಲಿಯೂ ಅಜ್ಜನವರಿಗೆ ನಿದ್ದೆ ಬಂತು, ನಿದ್ದೆಯಲ್ಲಿ ನಡುಕ ನಿಂತಿತು. ಎಚ್ಚರವಾಗುವುದರೊಳಗೆ ತೆಗೆದ ಟಿ2 ಕನ್ನಡಿಯ ಹಾಗೆ ಬಂದಿದೆ. ಹುಡುಗನ ಚಿತ್ರಗಳು ಯಾರವು, ಆರೋಗ್ಯವಂತರದ್ದೇ?

ಸುರತ್ಕಲ್ ಹಾಸ್ಟೆಲ್
ಹೌದು ಸರ್. ಹೆಚ್ಚಿನವರು ಮೂವತ್ತರೊಳಗಿನವರು.

ಮತ್ತೆ, ಕೇಂದ್ರಬಿಂದುವಿನ ಲೆಕ್ಕ ಈಗಷ್ಟೇ ಮಾಡಿದೆ. ತಪ್ಪು ಎಲ್ಲ ದಿಕ್ಕಿಗೂ ಚದುರಿಲ್ಲ. ಹೆಚ್ಚುಕಡಿಮೆ ಎಲ್ಲ ಚಿತ್ರಗಳಲ್ಲಿಯೂ ಕೆಳಕ್ಕೇ ಇಳಿದಿದೆ. ಸ್ವಲ್ಪ ಟಿ2 ಇದೆ ನನ್ನಲ್ಲಿ, ಹನ್ನೆರಡು ಜನರದ್ದು. ಅವುಗಳ ಮೇಲೆ ಇಟ್ಟು ನೋಡಿದರೆ ಅಟ್ಲಾಸಿನ ಆಕಾರವೇ ನೈಗ್ರಾದೊಳಗೆ ಕಾಲು ಚಾಚಿದೆ.

ಮಣಿಪಾಲದ ಗೆರೆಗಾತಿ
ಹಾಗಾದರೆ ಆ ಹನ್ನೆರಡನ್ನೇ ಕಳಿಸು. ಹೆಸರು, ವಯಸ್ಸು ಅಳಿಸಿ ಕಳಿಸು, ನಿನ್ನ ಪ್ರೋಗ್ರಾಂ ಎಳೆದದ್ದನ್ನು ಮಾತ್ರ ಕಳಿಸಬೇಡ. ನೋಡಿದರೆ ನನ್ನ ಕೈ ಅತ್ತಲೇ ವಾಲುತ್ತದೆ. ನಾನೊಮ್ಮೆ ಎಳೆಯುತ್ತೇನೆ, ನನ್ನ ಜೂನಿಯರ್ ಒಮ್ಮೆ ಎಳೆಯಲಿ. ನಮ್ಮಿಬ್ಬರ ನಡುವಿನ ಡೈಸ್ ಎಷ್ಟು ಬರುತ್ತದೋ ಅದನ್ನು ಮೊದಲು ನಿನ್ನ ಗೈಡ್ ಮುಂದಿಡು, ಆಮೇಲೆ ನಿನ್ನದು.

ನಿವೃತ್ತ ಸರ್ವೇಯರ್
ಇಬ್ಬರೂ ಬೇರೆ ಬೇರೆ ದಿನ ಎಳೆಯಿರಿ. ಒಂದೇ ದಿನ ಅಳೆದರೆ ಊಟದ ಹೊತ್ತಿಗೆ ಮಾತಾಡಿಕೊಳ್ಳುತ್ತಾರೆ.