ಎಲ್ಕ್ ಬೇಟೆಗೆ ಬೆನ್ನ ಮೇಲೆ ಹೊತ್ತು ಹೋಗುವ ಟೆಂಟ್: ಜಾಗವೂ ಬೇಕು, ಹಿಮವನ್ನೂ ತಡೆಯಬೇಕು. ಅನುಭವ ಇದ್ದವರು ಹೇಳಿ

ಡೆನ್ವರ್_ಹೊಸಬ: ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಭಾವಮೈದ ಮೊದಲ ಸಲ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಹೊರಟಿದ್ದೇವೆ. ಕೊಲೊರಾಡೋದ ಫ್ಲಾಟ್ ಟಾಪ್ಸ್ ಕಡೆ, ಅಕ್ಟೋಬರ್ ಕೊನೆಯ ರೈಫಲ್ ಸೀಸನ್. ಗಾಡಿ ಬಿಟ್ಟು ಐದು ಮೈಲಿ ನಡೆಯಬೇಕು. ನಾನು 6 ಅಡಿ 2 ಇಂಚು ಇದ್ದೇನೆ. ಇಬ್ಬರೂ ಮಲಗಿ, ಒದ್ದೆ ಬಟ್ಟೆ, ಬೂಟು, ರೈಫಲ್ ಎಲ್ಲ ಒಳಗೇ ಹಿಡಿಸಬೇಕು. ಬಜೆಟ್ 600 ಡಾಲರ್. ಒಲೆ ಬೇಡ, ಭಾವಮೈದನಿಗೆ ಅಸ್ತಮಾ, ಹೊಗೆ ಆಗುವುದಿಲ್ಲ. ಯಾವ ಟೆಂಟ್ ತೆಗೆದುಕೊಳ್ಳಲಿ?

ಒಂದೇ_ಕೋಲು: ಯೋಚನೆಯೇ ಬೇಡ, ತಳವಿಲ್ಲದ ಪಿರಮಿಡ್ ತಗೊಳ್ಳಿ, ಒಳಗೆ ಟೈಟಾನಿಯಂ ಒಲೆ ಇಡಿ. ನನ್ನದು ಸೀಕ್ ಔಟ್‌ಸೈಡ್ ಸಿಮರಾನ್, ಇಲ್ಲೇ ಗ್ರ್ಯಾಂಡ್ ಜಂಕ್ಷನ್ ಕಂಪನಿಯದು. ನಡುವೆ ಒಂದೇ ಕೋಲು, ತಲೆ ಸ್ವಲ್ಪ ತಗ್ಗಿಸಿದರೆ ಎದ್ದು ನಿಂತು ಪ್ಯಾಂಟ್ ಹಾಕಿಕೊಳ್ಳಬಹುದು. ಹಿಮ ಮೆತ್ತಿದ ಬೂಟಿನಲ್ಲೇ ಒಳಗೆ ನಡೆದು ಬರಬಹುದು, ಕೆಸರಾಗಲು ನೆಲವೇ ಇಲ್ಲವಲ್ಲ. ಖರ್ಚಿನ ಲೆಕ್ಕ ಕೇಳಿ. ಟೆಂಟ್, ಒಲೆ, ಸುರುಳಿ ಸುತ್ತುವ ಹೊಗೆ ಪೈಪು, ಅರ್ಧ ಜಾಗಕ್ಕೆ ಒಳಬಲೆ, ಕಾರ್ಬನ್ ಕೋಲು, ಎಲ್ಲ ಸೇರಿ 1,400 ಡಾಲರ್ ಹತ್ತಿರ ಹೋಯಿತು. ಆಮೇಲೆ ಗೂಟ. ಕಲ್ಲು ನೆಲದಲ್ಲಿ ಸಣ್ಣ ಗೂಟ ಬಾಗಿದವು, ಉದ್ದದ್ದು ಬೇರೆ ತಂದೆ, ಅದಕ್ಕೆ 48 ಡಾಲರ್. ನೀರು ಸೋರದಂತೆ ಹೊಲಿಗೆಗೆ ಸಿಲಿಕೋನ್ ನಾನೇ ಬಳಿದೆ. ಒಂದು ಟ್ಯೂಬು, ಅದನ್ನು ತೆಳುಮಾಡಲು ಮಿನರಲ್ ಸ್ಪಿರಿಟ್ಸ್, ಒಂದು ಬ್ರಷ್, ಎಲ್ಲ ಸೇರಿ 20 ಡಾಲರ್ ಒಳಗೆ ಮುಗಿಯಿತು. ಗ್ಯಾರೇಜ್ ಮಾತ್ರ ವಾರವಿಡೀ ನಾತ. ಆದರೂ ಹೇಳುತ್ತೇನೆ, ದಿನವಿಡೀ ಒದ್ದೆ ಹಿಮದಲ್ಲಿ ತಿರುಗಿ ಬಂದು ರಾತ್ರಿ ಕಾಲುಚೀಲ ಒಣಗಿಸಿಕೊಂಡವನಿಗೇ ಆ ಸುಖ ಗೊತ್ತು. ಬೆರಳು ಗಾತ್ರದ ಕಡ್ಡಿ ಸಾಕು. ಅರ್ಧ ಗಂಟೆಗೊಮ್ಮೆ ತುಂಬುತ್ತಿರಬೇಕು, ಅಷ್ಟೇ.

ಬೋಯ್ಸಿ_ಗಾಳಿ: ಶುರುವಾಯಿತು ಪಿರಮಿಡ್ ಭಜನೆ. ಅವರು ಒಲೆ ಬೇಡ ಅಂತ ಬರೆದಿದ್ದಾರೆ, ಓದಿದಿರಾ ಸಾರ್? ಒಲೆ ಇಲ್ಲದ ಪಿರಮಿಡ್ ಅಂದರೆ ಹೊಲದ ಚಪ್ಪರ. ಐಡಾಹೋದ ಸಾಟೂತ್ ಬೆಟ್ಟದಲ್ಲಿ ನನ್ನ ಗೆಳೆಯನ ತಳವಿಲ್ಲದ ಟೆಂಟಿನಲ್ಲಿ ಮಲಗಿದ್ದೆ. ರಾತ್ರಿ ಗಾಳಿ ತಿರುಗಿತು. ಅಂಚಿನ ಕೆಳಗಿನಿಂದ ಪುಡಿ ಹಿಮ ನುಗ್ಗಿ ಸ್ಲೀಪಿಂಗ್ ಬ್ಯಾಗ್ ಮೇಲೆ ಕೂತಿತು. ಮೈ ಬಿಸಿಗೆ ಅದು ಕರಗಿತು, ಬ್ಯಾಗಿನೊಳಗಿನ ಮೆತ್ತನೆ ಗರಿ (ಡೌನ್) ಗಂಟುಗಂಟಾಯಿತು. ಅದನ್ನು ತೊಳೆಸಿ ಸರಿಮಾಡಿಸಲು 70 ಡಾಲರ್, ಸೀಸನ್‌ನ ಉಳಿದ ದಿನ ಹಾಳಾಗಿದ್ದು ಬೇರೆ.

ಊರಿಗೆ ಬಂದವನೇ ಹಿಲ್ಲೆಬರ್ಗ್ ಕಂಪನಿಯ ಸುರಂಗದಾಕಾರದ ಟೆಂಟ್, ನಾಲ್ಲೊ 3 ಜಿಟಿ ತಗೊಂಡೆ. 1,000 ದಾಟಿತು, ಅದರ ಮೇಲೆ ನಮ್ಮ ಐಡಾಹೋದ ಶೇ. 6 ಸೇಲ್ಸ್ ಟ್ಯಾಕ್ಸು. ತೂಕ ಮೂರು ಕೇಜಿಗೆ ಜಾಸ್ತಿ. ಹೊರುವವನು ನಾನು ತಾನೇ? ಒಳಪದರ ಹೊರಪದರ ಒಟ್ಟಿಗೇ ಏಳುತ್ತವೆ, ಹಾಗಾಗಿ ಮಳೆಯಲ್ಲಿ ಕಟ್ಟಿದರೂ ಒಳಗೆ ಒಣಗಿರುತ್ತದೆ. ಬಾಗಿಲ ಮುಂದಿನ ಮುಚ್ಚಿದ ಜಗಲಿಯಲ್ಲಿ (ವೆಸ್ಟಿಬ್ಯೂಲ್) ಎರಡು ಪ್ಯಾಕು, ಬೂಟು, ರೈಫಲ್ ಎಲ್ಲ ಹಿಡಿಸುತ್ತದೆ. ಒಳಗೆ ಮನುಷ್ಯ ಮಾತ್ರ. ಜಾಗ ಅಂದರೆ ಅದು. ಎದ್ದು ನಿಂತು ಪ್ಯಾಂಟ್ ಹಾಕಲು ಬೇಟೆಗೆ ಯಾಕೆ ಹೋಗಬೇಕು?

ಒಂದೇ_ಕೋಲು: ನಿಮ್ಮ ಗೆಳೆಯನಿಗೆ ಕಟ್ಟಲು ಬರಲಿಲ್ಲ, ಅದು ಟೆಂಟಿನ ತಪ್ಪಾ? ಅಂಚನ್ನು ನೆಲಕ್ಕೆ ತಾಗಿಸಿ, ಸುತ್ತ ಹಿಮ ಒತ್ತಬೇಕು. ಸುರಂಗ ಟೆಂಟಿಗೆ ನೆತ್ತಿಯೇ ಚಪ್ಪಟೆ, ಒದ್ದೆ ಹಿಮ ಬಿದ್ದರೆ ರಾತ್ರಿ ಎದ್ದು ಎದ್ದು ಕೊಡವಬೇಕು. ಅದನ್ನು ಯಾಕೆ ಬರೆಯಲಿಲ್ಲ? ಪಿರಮಿಡ್‌ನಲ್ಲಿ ಹಿಮ ತಾನೇ ಜಾರುತ್ತದೆ.

ಬೋಯ್ಸಿ_ಗಾಳಿ: ಕೊಡವುತ್ತೇನೆ. ನಿಮ್ಮ ಒಲೆಗೆ ಅರ್ಧ ಗಂಟೆಗೊಮ್ಮೆ ಕಡ್ಡಿ ತುಂಬುವುದಕ್ಕಿಂತ ಇದು ಹಗುರ ಕೆಲಸ. ಒಲೆ ಆರಿದ ಮೇಲೆ ಒಳಗೂ ಹೊರಗೂ ಒಂದೇ ಚಳಿ ಅಂತ ನೀವು ಬರೆದಿರಾ? ಇನ್ನು ಕಾರ್ಬನ್ ಮಾನಾಕ್ಸೈಡ್ ಕಥೆ. ಅದಕ್ಕೆ ವಾಸನೆಯೂ ಇಲ್ಲ, ಎಚ್ಚರಿಕೆಯೂ ಇಲ್ಲ. ಅಸ್ತಮಾ ಇರುವವನ ಪಕ್ಕ ಒಲೆ ಹಚ್ಚು ಅನ್ನುತ್ತೀರಲ್ಲ.

ಪೊನ್ನಂಪೇಟೆ_ಮಿಸೌಲಾ: ಇಬ್ಬರೂ ಸ್ವಲ್ಪ ಸುಮ್ಮನಿರಿ ಮಾರಾಯ್ರೇ. ಸಾವಿರದ ಟೆಂಟು ಯಾಕೆ? ನಾನು ಮೊಂಟಾನಾದಲ್ಲಿ ಮೂರು ಜನರ ಸಾದಾ ಗುಮ್ಮಟದ ಟೆಂಟಿನಲ್ಲೇ ಮಲಗುತ್ತೇನೆ. ಎರಡು ಪದರ, ಎರಡು ಬಾಗಿಲು, ಸೆಕೆಂಡ್ ಹ್ಯಾಂಡ್ 280 ಡಾಲರ್. ಇಬ್ಬರು ಹೋದರೆ ಮೂರು ಜನರದ್ದೇ ಬೇಕು. ಕಂಪನಿಯವರು ಎರಡು ಜನ ಅನ್ನುವುದು ಇಬ್ಬರು ಹೆಗಲಿಗೆ ಹೆಗಲು ಕೊಟ್ಟು ಮಲಗುವ ಲೆಕ್ಕ, ಅದರಲ್ಲಿ ಒದ್ದೆ ಜಾಕೆಟ್ ಇಲ್ಲ.

ಕಷ್ಟವನ್ನೂ ಹೇಳುತ್ತೇನೆ. ಒಂದು ನವೆಂಬರ್‌ನಲ್ಲಿ ಹಿಮದ ಭಾರಕ್ಕೆ ಒಂದು ಪೋಲ್ ಜೋಡಣೆಯ ಹತ್ತಿರ ಸೀಳಿತು. ಸೀಳಿದ ತುದಿ ಹೊರಪದರವನ್ನೂ ಹರಿಯಿತು. ಕತ್ತಲಲ್ಲಿ ಗಮ್ ಟೇಪು, ಸೀಳಿದ ಪೋಲ್ ಮೇಲೆ ತೊಡಿಸುವ ತಗಡಿನ ಕೊಳವೆ, ಬೆರಳಿಗೆ ಸ್ಪರ್ಶವೇ ಇಲ್ಲ. ಕಂಪನಿ ಆರು ವಾರ ಕಾಯಿಸಿತು, ಬಂದ ಪೋಲ್ ಅಳತೆಯೂ ತಪ್ಪು! ವಾಪಸ್ ಕಳಿಸುವ ಅಂಚೆ ಖರ್ಚು ಕೂಡ ನನ್ನ ತಲೆಗೆ, 19 ಡಾಲರ್. ಕೊನೆಗೆ ಪೋಲ್ ಮಾತ್ರ ಮಾಡಿಕೊಡುವವರ ಹತ್ತಿರ 64ಕ್ಕೆ ಮಾಡಿಸಿದೆ.

ಟೆಂಟಿಗಿಂತ ಜಾಗ ಮುಖ್ಯ, ಅದನ್ನು ಇಲ್ಲಿ ಯಾರೂ ಹೇಳುತ್ತಿಲ್ಲ. ತೊರೆ ಪಕ್ಕ ಹುಲ್ಲಿನ ಮೇಲೆ ಚೆನ್ನಾಗಿ ಕಾಣುತ್ತದೆ ಅಂತ ಕಟ್ಟುತ್ತಾರೆ. ರಾತ್ರಿ ತಣ್ಣನೆ ಗಾಳಿ ಕೆಳಗಿಳಿದು ಅಲ್ಲೇ ಕೂರುತ್ತದೆ. ಬೆಳಿಗ್ಗೆ ಒಳಪದರದಿಂದ ಹನಿ ತೊಟ್ಟಿಕ್ಕಿದಾಗ ಟೆಂಟ್ ಸೋರಿತು ಅಂತ ಬೈಯುತ್ತಾರೆ. ಸೋರಿದ್ದಲ್ಲ, ನಿಮ್ಮ ಉಸಿರೇ ನೀರಾಗಿದ್ದು. ತೊರೆಗಿಂತ ಮೇಲೆ, ಮರದ ಅಂಚಿನಲ್ಲಿ ಕಟ್ಟಿ. ತೂಗಾಡುವ ಒಣ ಮರ ತಲೆ ಮೇಲೆ ಇರಬಾರದು. ಮಾಂಸ ಮಾತ್ರ ಟೆಂಟಿನ ಹತ್ತಿರ ಬೇಡವೇ ಬೇಡ, ದೂರದಲ್ಲಿ ಎತ್ತರಕ್ಕೆ ತೂಗಿ. ನಮ್ಮ ಕಡೆ ಗ್ರಿಜ್ಲಿ ಕರಡಿ ಇದೆ. ನಿಮ್ಮ ಕೊಲೊರಾಡೋದಲ್ಲಿ ಕರಿಕರಡಿ ಮಾತ್ರ, ಆದರೂ ಅದಕ್ಕೂ ಮೂಗಿದೆ ಅಲ್ವಾ. ಒಂದು ದೊಡ್ಡ ಗಂಡು ಎಲ್ಕ್ ಬಿದ್ದರೆ ಮೂಳೆ ಬಿಡಿಸಿದ ಮೇಲೂ 100 ಕೇಜಿ ಹತ್ತಿರ ಇರುತ್ತದೆ. ಐದು ಮೈಲಿಗೆ ಎಷ್ಟು ಸುತ್ತು ಆಗುತ್ತದೆ, ಅದನ್ನು ಮೊದಲು ಲೆಕ್ಕ ಹಾಕಿ.

ಸೊಪ್ಪುಸಾರು: ಒಂದು ಮೂಕಪ್ರಾಣಿ ಕೊಲ್ಲಲು ಸಾವಿರ ಡಾಲರ್ ಟೆಂಟಾ? ಕನ್ನಡದವರು ಇದನ್ನೆಲ್ಲ ಯಾವಾಗ ಕಲಿತಿರಿ? ನಾಚಿಕೆ ಆಗಬೇಕು.

ಪೊನ್ನಂಪೇಟೆ_ಮಿಸೌಲಾ: ನಮ್ಮ ಮನೆಯಲ್ಲಿ ಕೊಡವರ ಆಯುಧ ಹಬ್ಬ ಕೈಲ್ ಪೊಳ್ದ್‌ಗೆ ಕೋವಿಗೆ ಪೂಜೆ ಮಾಡುತ್ತೇವೆ, ನಮಗೆ ಇದು ಕಲಿತದ್ದಲ್ಲ. ಊರಿನಲ್ಲಿ 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಬೇಟೆ ನಿಂತಿದೆ, ಅದಕ್ಕೆ ನನ್ನ ತಕರಾರಿಲ್ಲ. ಇಲ್ಲಿ ಲೆಕ್ಕ ಬೇರೆ. 1937ರಿಂದ ಇಲ್ಲಿ ಬಂದೂಕು, ಗುಂಡಿನ ತೆರಿಗೆ ವನ್ಯಜೀವಿ ಕೆಲಸಕ್ಕೇ ಹೋಗುತ್ತದೆ, ಆಮೇಲೆ ಬಿಲ್ಲು-ಬಾಣದ್ದೂ ಸೇರಿತು. ಲೈಸೆನ್ಸ್ ಹಣವೂ ಅದಕ್ಕೇ. ಹೊರರಾಜ್ಯದವನು ಕೊಲೊರಾಡೋದಲ್ಲಿ ಒಂದು ಎಲ್ಕ್ ಟ್ಯಾಗಿಗೆ (ಒಂದು ಪ್ರಾಣಿ ಹೊಡೆಯುವ ಪರವಾನಗಿ) 700 ಡಾಲರ್ ಮೇಲೆ ಕಟ್ಟುತ್ತಾನೆ. ನೀವು ಭಾನುವಾರ ತಿನ್ನುವ ಕೋಳಿ ಯಾವ ಕಾಡನ್ನು ಉಳಿಸಿತು?

ಸೊಪ್ಪುಸಾರು: ನಾನು ಕೋಳಿ ತಿನ್ನುವುದಿಲ್ಲ. ಹೆಸರು ನೋಡಿದರೆ ಗೊತ್ತಾಗಲ್ವಾ?

ಘಟ್ಟದ_ಮಳೆ: ನಾನು ಬೇಟೆಗಾರ ಅಲ್ಲ, ಸಕಲೇಶಪುರ ಕಡೆ ಮಳೆಗಾಲದಲ್ಲಿ ಕಪ್ಪೆ ಫೋಟೋ ತೆಗೆಯಲು ಎಸ್ಟೇಟಿನಲ್ಲಿ ಟೆಂಟ್ ಹಾಕುವವನು. ಮಳೆ ತಡೆಯುವುದು ಅಂದರೆ 3,000 ಎಂಎಂ (ಬಟ್ಟೆ ಎಷ್ಟು ನೀರಿನ ಒತ್ತಡ ತಡೆಯುತ್ತದೆ ಅನ್ನುವ ಅಳತೆ) ಅಂತ ಲೇಬಲ್ ನೋಡಿ ಎಲ್ಲರೂ ಕುಣಿಯುತ್ತಾರೆ. ನನ್ನದು 18,500 ರೂಪಾಯಿ ಟೆಂಟ್. ಮೊದಲ ವರ್ಷ ಒಂದು ಹನಿ ಇಲ್ಲ. ಜುಲೈಯಲ್ಲಿ ಒದ್ದೆಯಾಗಿಯೇ ತಂದು ಅಟ್ಟದ ಮೇಲೆ ಇಟ್ಟಿದ್ದೆವು. ಬಿಸಿಲೇ ಇಲ್ಲದ ಊರು, ಒಣಗಿಸುವುದು ಎಲ್ಲಿ? ಮುಂದಿನ ಸಲ ಬಿಚ್ಚಿದರೆ ಒಳಗಿನ ನೀರು ತಡೆಯುವ ಪಿಯು (ಪಾಲಿಯುರೆಥೇನ್) ಲೇಪ ಅಂಟಂಟು, ಹುಳಿ ವಾಸನೆ, ಬೆರಳಿಗೆ ಸಿಪ್ಪೆಯಾಗಿ ಬರುತ್ತಿದೆ. ಅಂಗಡಿಯವನು ವಾರಂಟಿ ಕೊಡಲ್ಲ, "ನೀವು ಒದ್ದೆ ಇಟ್ಟಿದ್ದೀರಿ" ಅಂತ ಫೋಟೋ ನೋಡಿಯೇ ಹೇಳಿದ. ಮತ್ತೆ ಬಳಿಯಲು ಡಬ್ಬಿ 1,900, ಕೊರಿಯರ್ 240, ಬಳಿದು ಒಂದು ಮಳೆಗಾಲ ಕಳೆಯಿತು, ಮತ್ತೆ ಸಿಪ್ಪೆ.

ಬೋಯ್ಸಿ_ಗಾಳಿ: ಎರಡೂ ಕಡೆ ಸಿಲಿಕೋನ್ ಲೇಪದ ಬಟ್ಟೆಗೆ ಆ ರೋಗ ಬರುವುದಿಲ್ಲ. ಅದಕ್ಕೇ ನಾನು ದುಡ್ಡು ಹಾಕಿದ್ದು.

ಒಂದೇ_ಕೋಲು: ಸಿಲಿಕೋನ್ ನೈಲಾನ್ ಒದ್ದೆಯಾದರೆ ಹಿಗ್ಗುತ್ತದೆ, ಸಂಜೆ ಬಿಗಿಯಾಗಿ ಕಟ್ಟಿದ್ದು ಮಧ್ಯರಾತ್ರಿ ಜೋತು ಬಿದ್ದು ಮುಖಕ್ಕೆ ಬಡಿಯುತ್ತದೆ. ಹಗ್ಗ ಬಿಗಿಯಲು ನೀವೂ ಏಳಲೇಬೇಕು. ಪಾಲಿಯೆಸ್ಟರ್ ಆದರೆ ಅಷ್ಟು ಹಿಗ್ಗುವುದಿಲ್ಲ.

ಬೋಯ್ಸಿ_ಗಾಳಿ: ನಿಮ್ಮ ಪಿರಮಿಡ್ ಯಾವ ಬಟ್ಟೆಯದು ಸಾರ್?

ಒಂದೇ_ಕೋಲು: ನೈಲಾನೇ. ಕೋಲನ್ನು ಒಳಗಿನಿಂದಲೇ ಎರಡು ಇಂಚು ಉದ್ದ ಮಾಡಿದರೆ ಮತ್ತೆ ಬಿಗಿ. ಹೊರಗೆ ಹೋಗುವ ಕೆಲಸ ಇಲ್ಲ. ಇದನ್ನೇ ಹೇಳಲು ಹೊರಟಿದ್ದೆ.

ಫ್ರೀಮಾಂಟ್_ಅನುಮಾನ: ಮಧ್ಯೆ ಒಂದು ಪ್ರಶ್ನೆ. ಎಚ್1ಬಿಯಲ್ಲಿ ಇರುವವರು ಬಂದೂಕು ಮುಟ್ಟಿದರೆ ವೀಸಾಗೆ ತೊಂದರೆ ಅಂತಾರಲ್ಲ?

ಪೊನ್ನಂಪೇಟೆ_ಮಿಸೌಲಾ: ಫೆಡರಲ್ ಕಾನೂನಿನಲ್ಲಿ ವಲಸೆಯೇತರ ವೀಸಾದವರಿಗೆ ಬಂದೂಕು ನಿಷೇಧ. ರಾಜ್ಯದ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ. ಲೈಸೆನ್ಸ್ ಅವಧಿ ಮುಗಿದ ಮಾರನೆಯ ದಿನ ಮನೆಯಲ್ಲಿ ರೈಫಲ್ ಇದ್ದರೆ ಅದು ಬೇರೆಯದೇ ತಲೆನೋವು, ವಕೀಲರನ್ನು ಕೇಳಿ. ಬಿಲ್ಲು ಬಾಣಕ್ಕೆ ಈ ಗೋಳಿಲ್ಲ, ನಾನು ಗ್ರೀನ್ ಕಾರ್ಡ್ ಬರುವವರೆಗೆ ಬಿಲ್ಲಿನಲ್ಲೇ ಕಾಲ ಹಾಕಿದೆ.

ಡೆನ್ವರ್_ಹೊಸಬ: ಎಲ್ಲರಿಗೂ ಥ್ಯಾಂಕ್ಸ್. ನಾನು ಸಿಟಿಜನ್, ಆ ತೊಂದರೆ ಇಲ್ಲ. ನನ್ನ ಎತ್ತರದ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ಮತ್ತೆ ಬಜೆಟ್ 600.

ಬೋಯ್ಸಿ_ಗಾಳಿ: 600ಕ್ಕೆ ಹಿಮ ತಡೆಯುವ, ಜಾಗ ಇರುವ, ಹಗುರ ಟೆಂಟ್ ಮೂರೂ ಸಿಗುವುದಿಲ್ಲ. ಎರಡು ಆರಿಸಿಕೊಳ್ಳಿ. ಎತ್ತರದ ವಿಷಯ ಹೀಗೆ. ಒಳಗಿನ ಉದ್ದ 86 ಇಂಚು ಅಂತ ಬರೆದಿದ್ದರೂ ಗೋಡೆ ಇಳಿಜಾರು. ದಪ್ಪ ಮ್ಯಾಟು, ಅದರ ಮೇಲೆ ಚಳಿಗಾಲದ ಬ್ಯಾಗು ಬಂತು ಅಂದರೆ ನೀವು ಆರು ಇಂಚು ಮೇಲೆ ಇರುತ್ತೀರಿ, ಅಲ್ಲಿ ಉದ್ದ ಕಡಿಮೆ. ಕಾಲು ಗೋಡೆಗೆ ತಾಗುತ್ತದೆ, ಬ್ಯಾಗಿನ ತುದಿ ಒದ್ದೆ. ನಾನು 5 ಅಡಿ 11, ನನಗೇ ತಾಗುತ್ತಿತ್ತು ಹಳೆಯದರಲ್ಲಿ. ಅಂಗಡಿಗೆ ನಿಮ್ಮ ಮ್ಯಾಟು, ಬ್ಯಾಗು ತೆಗೆದುಕೊಂಡು ಹೋಗಿ, ಒಳಗೆ ಮಲಗಿ ನೋಡಿ. ಪಿರಮಿಡ್‌ನಲ್ಲಂತೂ ಅಂಚಿನ ಎರಡು ಅಡಿ ಲೆಕ್ಕಕ್ಕೇ ಇಲ್ಲ.

ಒಂದೇ_ಕೋಲು: ಆ ಎರಡು ಅಡಿಯಲ್ಲಿ ಪ್ಯಾಕು ಇಡುತ್ತಾರೆ. ಲೆಕ್ಕಕ್ಕೆ ಇದೆ.

ಘಟ್ಟದ_ಮಳೆ: ಬಣ್ಣ ಯಾವುದು ತಗೊಳ್ಳುತ್ತೀರಿ? ಹಸಿರಾದರೆ ಒಳಗೆ ಕತ್ತಲೆ, ಫೋಟೋ ಬರಲ್ಲ.

ಪೊನ್ನಂಪೇಟೆ_ಮಿಸೌಲಾ: ರೈಫಲ್ ಸೀಸನ್ನಿನಲ್ಲಿ ಹಸಿರು ಟೆಂಟಾ? ಸುತ್ತ ಗುಂಡು ಹಾರಿಸುವವರು ಇರುತ್ತಾರೆ ಮಾರಾಯ. ಕೊಲೊರಾಡೋದಲ್ಲಿ ಮೈಮೇಲೆ 500 ಚದರ ಇಂಚು ಕಿತ್ತಳೆ ಅಥವಾ ಗುಲಾಬಿ ಇರಲೇಬೇಕು ಅಂತ ನಿಯಮ ಮಾಡಿದ್ದು ಸುಮ್ನೆ ಅಲ್ಲ. ಟೆಂಟಿನ ಮೇಲೆ ಒಂದು ಕಿತ್ತಳೆ ಬಟ್ಟೆ ಕಟ್ಟಿ.

ಒಂದೇ_ಕೋಲು: ಎಲ್ಕ್‌ಗೆ ಕಿತ್ತಳೆ ಗೊತ್ತಾಗುವುದಿಲ್ಲ, ಆದರೆ ಪಕ್ಕದ ಬೇಟೆಗಾರನಿಗೆ ನಿಮ್ಮ ಜಾಗ ಗೊತ್ತಾಗುತ್ತದೆ. ನಾನು ಕಟ್ಟುವುದಿಲ್ಲ.

ಪೊನ್ನಂಪೇಟೆ_ಮಿಸೌಲಾ: ಗೊತ್ತಾಗಲಿ ಅಂತಲೇ ಕಟ್ಟುವುದು! ಹೊಸಬರೇ, ಇವರ ಮಾತು ಕೇಳಬೇಡಿ. ನಾನು ಈ ವರ್ಷ ದೊಡ್ಡದು ತಗೊಳ್ಳುತ್ತಿದ್ದೇನೆ, ನನ್ನ ಗುಮ್ಮಟದ ಟೆಂಟ್ 150ಕ್ಕೆ ಕೊಡುತ್ತೇನೆ. ಪೋಲ್ ಹೊಸದು, ಹರಿದ ಜಾಗಕ್ಕೆ ತೇಪೆ ಹಾಕಿದೆ. ಅಂಚೆ ಖರ್ಚು ನಿಮ್ಮದು.

ಬೋಯ್ಸಿ_ಗಾಳಿ: ಹಿಮಕ್ಕೆ ಒಮ್ಮೆ ಮುರಿದ ಟೆಂಟನ್ನು ಹಿಮದ ಸೀಸನ್‌ಗೆ ಮಾರುತ್ತಿದ್ದೀರಾ? ಇಷ್ಟು ಹೊತ್ತು ಉಪದೇಶ ಮಾಡಿದ್ದು ಇದಕ್ಕಾ?

ಡೆನ್ವರ್_ಹೊಸಬ: ಅಣ್ಣಾ, ಒಳಗಿನ ಉದ್ದ ಎಷ್ಟಿದೆ ಅದು?