ಜೂಲಿಯೆನ್ ಲೆಪೆರ್ಸ್: ಒಂದೇ ಕಾರ್ಯಕ್ರಮದಲ್ಲಿ ಕಳೆದ 27 ವರ್ಷಗಳನ್ನು ಹೇಗೆ ಅಳೆಯಬೇಕು?

ಪ್ರಶ್ನೆ: ನದೀತೀರ

ಎಲ್ಲರಿಗೂ ನಮಸ್ಕಾರ. ನಾನು ಫ್ರೆಂಚ್ ಕಲಿಯುತ್ತಿದ್ದೇನೆ. ಆ ಭಾಷೆಗೆ ಕಿವಿ ಪಳಗಲಿ ಎಂದು ಫ್ರಾನ್ಸಿನ ದೂರದರ್ಶನದ ಹಳೆಯ ರಸಪ್ರಶ್ನೆ ಕಾರ್ಯಕ್ರಮಗಳನ್ನು ನೋಡುವ ರೂಢಿ ಇಟ್ಟುಕೊಂಡಿದ್ದೇನೆ. ಅವುಗಳಲ್ಲಿ ನನ್ನನ್ನು ಬಹಳವಾಗಿ ಸೆಳೆದಿರುವುದು ಫ್ರಾನ್ಸ್ 3 ವಾಹಿನಿಯ ‘ಕೆಸ್ತಿಯೋಂ ಪೂರ್ ಅಂ ಶಾಂಪಿಯೋಂ’, ಅಂದರೆ ‘ಚಾಂಪಿಯನ್‌ಗೆ ಪ್ರಶ್ನೆಗಳು’. ಅದನ್ನು 1988ರ ನವೆಂಬರ್‌ನಿಂದ 2016ರ ಫೆಬ್ರವರಿಯವರೆಗೆ ನಡೆಸಿಕೊಟ್ಟವರು ಜೂಲಿಯೆನ್ ಲೆಪೆರ್ಸ್.

ನನ್ನ ಸಂದೇಹ ಹೀಗಿದೆ. ಪ್ರಶ್ನೆಗಳನ್ನು ಬರೆಯುವವರು ಬೇರೆ, ಉತ್ತರ ಹೇಳುವವರು ಬೇರೆ, ಆಟದ ನಿಯಮಗಳು ಮೊದಲೇ ಗೊತ್ತಾಗಿರುವಂಥವು. ಹೀಗಿರುವಾಗ ನಡುವೆ ನಿಂತು ಓದುವವರ ಪಾಲಿಗೆ ಉಳಿಯುವ ಕೆಲಸವಾದರೂ ಏನು? 27 ವರ್ಷಗಳಿಗೂ ಹೆಚ್ಚು ಕಾಲ ಅದೊಂದನ್ನೇ ಮಾಡಿದವರ ಬದುಕನ್ನು ಬೆಳೆಯುತ್ತ ಹೋದ ವೃತ್ತಿಜೀವನ ಎನ್ನಬೇಕೇ, ಅಥವಾ ಒಂದು ಸ್ಥಾನದಲ್ಲಿ ಗಟ್ಟಿಯಾಗಿ ಕುಳಿತದ್ದು ಎನ್ನಬೇಕೇ? ಕೊನೆಗೆ ಅವರನ್ನು ಬದಲಾಯಿಸಿದಾಗ ಫ್ರಾನ್ಸಿನಲ್ಲಿ ಅಷ್ಟೊಂದು ಗದ್ದಲವಾದದ್ದು ಏಕೆ? ಬಲ್ಲವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಅಕ್ಷರಪ್ರಿಯ

ನದೀತೀರ ಅವರೇ, ನಿಮ್ಮ ಪ್ರಶ್ನೆಯಲ್ಲಿ ‘ಓದುವವರು’ ಎಂಬ ಮಾತು ಬಂದಿದೆ. ನನ್ನ ಉತ್ತರವೆಲ್ಲ ಆ ಓದಿನ ಸುತ್ತಲೇ ಇದೆ, ಏಕೆಂದರೆ ಲೆಪೆರ್ಸ್ ಅವರ ಕಸುಬು ಇದ್ದದ್ದೇ ಅಲ್ಲಿ.

ಮೊದಲು ಅವರ ಹಿನ್ನೆಲೆ. ಅವರ ಹುಟ್ಟುಹೆಸರು ರೊನಾನ್. 1949ರ ಆಗಸ್ಟ್ 12ರಂದು ಪ್ಯಾರಿಸ್‌ನಲ್ಲಿ, ಸಂಗೀತ ಬಲ್ಲ ಮನೆಯಲ್ಲಿ ಜನಿಸಿದರು. ದೂರದರ್ಶನಕ್ಕೆ ಬರುವ ಮುನ್ನ ರೇಡಿಯೊದಲ್ಲಿ ದುಡಿದರು. ಆರ್‌ಟಿಎಲ್ ಕೇಂದ್ರದಲ್ಲಿ ಅವರು ನಡೆಸಿಕೊಟ್ಟ ‘ಸ್ಟಾಪ್ ಊ ಆಂಕೋರ್’ ಕಾರ್ಯಕ್ರಮದಲ್ಲಿ, ಒಬ್ಬ ಗಾಯಕರ ಹಾಡುಗಳನ್ನು ಮುಂದುವರಿಸಬೇಕೇ ನಿಲ್ಲಿಸಬೇಕೇ ಎಂಬುದನ್ನು ಕೇಳುಗರೇ ತೀರ್ಮಾನಿಸುತ್ತಿದ್ದರು. ಇದರ ಜೊತೆಗೆ ಅವರು ಸಂಗೀತ ಸಂಯೋಜಕರೂ ಹೌದು. 1981ರಲ್ಲಿ ಎರ್ಬೇರ್ ಲೆಯೊನಾರ್ ಹಾಡಿ ಭಾರಿ ಜನಪ್ರಿಯವಾದ ‘ಪೂರ್ ಲ ಪ್ಲೆಸೀರ್’ ಗೀತೆಯ ರಾಗ ಅವರದೇ. ಮುಖ ಕಾಣದ ಕೇಳುಗರನ್ನು ಬರಿಯ ದನಿಯಿಂದ ಹಿಡಿದಿಡುವ ಅಭ್ಯಾಸ ಮತ್ತು ಲಯದ ಅರಿವು, ಇವೆರಡನ್ನೂ ಅವರು 39ನೆಯ ವಯಸ್ಸಿಗೆ ಸಿದ್ಧವಾಗಿಯೇ ತಂದಿದ್ದರು. ಅದನ್ನು ಗಮನಿಸದೆ 1988ರಿಂದಷ್ಟೇ ಲೆಕ್ಕ ಹಾಕಿದರೆ ಮುಂದಿನ ಯಶಸ್ಸು ಆಕಸ್ಮಿಕವೆಂಬಂತೆ ತೋರುತ್ತದೆ.

ಆಟವನ್ನು ನೀವು ನೋಡಿದ್ದೀರಿ, ಆದರೂ ನಿರೂಪಕರ ಕಡೆಯಿಂದ ಒಮ್ಮೆ ನೋಡೋಣ. ನಾಲ್ವರು ಸ್ಪರ್ಧಿಗಳು ಬರುತ್ತಾರೆ. ಮೊದಲ ಸುತ್ತಿನಲ್ಲಿ ಒಂದು, ಎರಡು, ಮೂರು ಅಂಕಗಳ ಪ್ರಶ್ನೆಗಳಿರುತ್ತವೆ. ಗುಂಡಿಯನ್ನು ಮೊದಲು ಒತ್ತಿದವರಿಗೆ ಉತ್ತರಿಸುವ ಅವಕಾಶ. ಒಂಬತ್ತು ಅಂಕ ಮುಟ್ಟಿದ ಮೂವರು ಮುಂದೆ ಹೋಗುತ್ತಾರೆ. ಎರಡನೆಯ ಸುತ್ತಿನಲ್ಲಿ ಪ್ರತಿಯೊಬ್ಬರಿಗೂ ತಾವು ಆರಿಸಿಕೊಂಡ ವಿಷಯದ ಮೇಲೆ 40 ಸೆಕೆಂಡುಗಳ ಕಾಲ. ಅಷ್ಟರೊಳಗೆ ಸತತವಾಗಿ ನಾಲ್ಕು ಸರಿಯುತ್ತರ ಕೊಡಬೇಕು, ಒಂದು ತಪ್ಪಿದರೆ ಎಣಿಕೆ ಮತ್ತೆ ಸೊನ್ನೆಯಿಂದ. ಈ ಸುತ್ತಿನಲ್ಲಿ ನಿರೂಪಕರ ನಾಲಿಗೆ ಒಮ್ಮೆ ತಡವರಿಸಿದರೂ ಸ್ಪರ್ಧಿಯ ಕಾಲವೇ ಕರಗುತ್ತದೆ. ವೇಗವಾಗಿ ಓದಬೇಕು, ಆದರೆ ಒಂದಕ್ಷರವೂ ನುಂಗಬಾರದು. ಪ್ರಾಚೀನ ಗ್ರೀಸಿನ ಹೆಸರುಗಳು, ರಸಾಯನಶಾಸ್ತ್ರದ ಪದಗಳು, ಜರ್ಮನ್ ಸಂಗೀತಗಾರರು, ಇವೆಲ್ಲ ಒಂದೇ ಉಸಿರಿನಲ್ಲಿ ಬರುತ್ತವೆ. ಇದನ್ನು ದಿನದಿನವೂ ಮಾಡುವುದು ಸುಲಭದ ಕೆಲಸವಲ್ಲ.

ನಿಜವಾದ ಕಲೆ ಕಾಣುವುದು ಕೊನೆಯ ಮುಖಾಮುಖಿಯಲ್ಲಿ. ಉಳಿದ ಇಬ್ಬರು ಎದುರುಬದುರು ನಿಲ್ಲುತ್ತಾರೆ. ನಿರೂಪಕರು ‘ತೋಪ್!’ ಎಂದು ಗಡಿಯಾರ ಚಾಲೂ ಮಾಡಿಸಿ, ಉತ್ತರವೇ ಮಾತನಾಡುತ್ತಿದೆಯೇನೋ ಎಂಬಂತೆ ‘ನಾನು...’ ಎಂದು ಆರಂಭಿಸುತ್ತಾರೆ. ಸುಳಿವುಗಳು ಕಷ್ಟದಿಂದ ಸುಲಭದ ಕಡೆಗೆ ಇಳಿಯುತ್ತವೆ, ಅಂಕಗಳೂ ನಾಲ್ಕರಿಂದ ಒಂದಕ್ಕೆ ಇಳಿಯುತ್ತವೆ, ಉತ್ತರಿಸುವ ಸರದಿಯು ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತದೆ. ನಾನೇ ಕಟ್ಟಿದ ಒಂದು ಉದಾಹರಣೆ ಕೊಡುತ್ತೇನೆ: “ನಾನು ಆರ್ದೆಷ್ ಪ್ರಾಂತ್ಯದ ಜೆರ್ಬಿಯೆ ದ ಜೋಂಕ್ ಬೆಟ್ಟದ ಬುಡದಲ್ಲಿ ಹುಟ್ಟಿ, ಮೊದಲು ಉತ್ತರಕ್ಕೆ ಹರಿದು, ಓರ್ಲಿಯಾನ್ ಬಳಿ ಪಶ್ಚಿಮಕ್ಕೆ ತಿರುಗಿ, ಶಾಂಬೋರ್ ಮತ್ತು ಆಂಬ್ವಾಸ್‌ನಂಥ ಅರಮನೆಗಳಿಂದ ಪ್ರಸಿದ್ಧವಾದ ಕಣಿವೆಗೆ ಹೆಸರು ಕೊಟ್ಟು, ನಾಂತ್ ನಗರವನ್ನು ದಾಟಿ, ಸೇಂ-ನಜೇರ್‌ನಲ್ಲಿ ಅಟ್ಲಾಂಟಿಕ್ ಸೇರುತ್ತೇನೆ. ನಾನು ಫ್ರಾನ್ಸಿನ ಅತ್ಯಂತ ಉದ್ದದ ನದಿ.” ಉತ್ತರ ಲ್ವಾರ್ ನದಿ. ಬೆಟ್ಟದ ಹೆಸರಿಗೇ ಗುಂಡಿ ಒತ್ತಿದವರಿಗೆ ನಾಲ್ಕು ಅಂಕ, ಕೊನೆಯ ವಾಕ್ಯದವರೆಗೆ ಕಾದವರಿಗೆ ಒಂದೇ.

ಇದನ್ನು ಗಟ್ಟಿಯಾಗಿ ಓದಿ ನೋಡಿ. ಯಾವುದಾದರೊಂದು ಸುಳಿವಿನ ಮೇಲೆ ದನಿ ಸ್ವಲ್ಪ ಹೆಚ್ಚು ಒತ್ತು ಕೊಟ್ಟರೂ ಅದು ಒಬ್ಬ ಸ್ಪರ್ಧಿಗೆ ಮಾಡಿದ ಉಪಕಾರವಾಗಿಬಿಡುತ್ತದೆ. ಒತ್ತೇ ಇಲ್ಲದೆ ಓದಿದರೆ ಮನೆಯಲ್ಲಿ ಕುಳಿತವರಿಗೆ ಆಟದ ಬಿಸಿ ತಟ್ಟುವುದಿಲ್ಲ. ಲೆಪೆರ್ಸ್ ಅವರು ವಾಕ್ಯದುದ್ದಕ್ಕೂ ಸ್ವರವನ್ನು ಏರಿಸುತ್ತ ಹೋಗುತ್ತಿದ್ದರು. ಆ ಏರಿಕೆ ಕಾಲ ಮುಗಿಯುತ್ತಿರುವುದನ್ನು ಸಾರುತ್ತಿತ್ತೇ ಹೊರತು ಉತ್ತರವನ್ನು ಬಿಟ್ಟುಕೊಡುತ್ತಿರಲಿಲ್ಲ. ಸರಿಯುತ್ತರ ಬಂದಾಗ ‘ವಿ, ವಿ, ವಿ!’ ಎಂದು ಹೌದುಗಳ ಮಳೆ ಸುರಿಸುತ್ತಿದ್ದರು. ಅನುಕರಣೆ ಮಾಡುವ ಕಲಾವಿದರು ಈ ಭಾಗವನ್ನಷ್ಟೇ ಎತ್ತಿಕೊಂಡರು, ಜನ ನೆನಪಿಟ್ಟುಕೊಂಡದ್ದೂ ಇದನ್ನೇ. ನನ್ನ ಮಟ್ಟಿಗಂತೂ ಆ ಸಂಭ್ರಮಕ್ಕಿಂತ ಮುಂಚಿನ ಇಪ್ಪತ್ತು ಸೆಕೆಂಡುಗಳೇ ಅವರ ದೊಡ್ಡ ಸಾಧನೆ.

ಉತ್ತರ: ಪರದೆಯಾಚೆ

ಅಕ್ಷರಪ್ರಿಯ ಅವರ ವಿಶ್ಲೇಷಣೆಯನ್ನು ಗೌರವಿಸುತ್ತೇನೆ, ಓದಿನ ಬಗ್ಗೆ ಅವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಒಬ್ಬ ನಿರೂಪಕರ ವೃತ್ತಿಜೀವನವನ್ನು ದನಿಯೊಂದರಿಂದಲೇ ವಿವರಿಸಲಾಗದು. ಅವರು ನಿಂತಿದ್ದ ವೇದಿಕೆ ಯಾರದು ಎಂಬುದನ್ನೂ ಕೇಳಬೇಕು.

ಈ ಆಟ ಫ್ರಾನ್ಸಿನಲ್ಲಿ ಹುಟ್ಟಿದ್ದಲ್ಲ. 1987ರಲ್ಲಿ ಬಿಬಿಸಿಯಲ್ಲಿ ಆರಂಭವಾದ ‘ಗೋಯಿಂಗ್ ಫಾರ್ ಗೋಲ್ಡ್’ ಇದರ ಮೂಲ. ಹೆನ್ರಿ ಕೆಲ್ಲಿ ನಡೆಸಿಕೊಡುತ್ತಿದ್ದ ಆ ಕಾರ್ಯಕ್ರಮದಲ್ಲಿ ಯುರೋಪಿನ ನಾನಾ ದೇಶಗಳ ಸ್ಪರ್ಧಿಗಳು ಇಂಗ್ಲಿಷಿನಲ್ಲೇ ಉತ್ತರಿಸಬೇಕಿತ್ತು. ಮಾದರಿಯ ಒಡೆತನ ಆಸ್ಟ್ರೇಲಿಯದ ರೆಜ್ ಗ್ರಂಡಿಯವರ ಸಂಸ್ಥೆಯದಾಗಿತ್ತು. ಬ್ರಿಟನ್ನಿನಲ್ಲಿ ಅದು 1996ರಲ್ಲಿ ಬಿಬಿಸಿಯಿಂದ ಮರೆಯಾಯಿತು. ಫ್ರಾನ್ಸಿನಲ್ಲಿ ಬೇರು ಬಿಟ್ಟಿತು. ಆ ಬೇರಿಗೆ ನೀರೆರೆದವರಲ್ಲಿ ಲೆಪೆರ್ಸ್ ಮೊದಲಿಗರು ಎಂಬುದು ನಿಜ. ಆದರೆ ಅವರು ಕಾರ್ಯಕ್ರಮದ ಮುಖವಾಗಿದ್ದರೇ ವಿನಾ ಒಡೆಯರಾಗಿರಲಿಲ್ಲ. ಅವರ ವೃತ್ತಿಜೀವನದ ಕೊನೆಯ ಅಧ್ಯಾಯ ಅರ್ಥವಾಗುವುದು ಈ ಒಂದು ಸಂಗತಿಯಿಂದ.

ಕಾಲದ ಸಂದರ್ಭವೂ ಮುಖ್ಯ. 1987ರಲ್ಲಿ ಟಿಎಫ್1 ವಾಹಿನಿ ಸರ್ಕಾರದ ಕೈಯಿಂದ ಬುಯಿಗ್ ಸಮೂಹಕ್ಕೆ ಹೋಯಿತು. ಅದೇ ವರ್ಷ ಅಮೆರಿಕದ ಮಾದರಿಗಳನ್ನು ಅನುಸರಿಸಿ ‘ಲಾ ರೂ ದ ಲಾ ಫೋರ್ತ್ಯೂನ್’ ಮತ್ತು ‘ಲ ಜ್ಯೂಸ್ತ್ ಪ್ರೀ’ ಅಲ್ಲಿ ಆರಂಭವಾದವು. ತಿರುಗುವ ಚಕ್ರ, ಹೊಳೆಯುವ ಕಾರು, ಬೆಲೆ ಊಹಿಸಿದವರಿಗೆ ಸಾಮಾನುಗಳ ಸಾಲು: ಇಂಥ ಆಟಗಳಿಂದ ಸಂಜೆಯ ಹೊತ್ತು ತುಂಬಿಹೋಗಿದ್ದಾಗ, ಸಾರ್ವಜನಿಕ ವಾಹಿನಿಯಾದ ಎಫ್‌ಆರ್3 (1992ರಿಂದ ಅದೇ ಫ್ರಾನ್ಸ್ 3) ಮುಂದಿಟ್ಟದ್ದು ಇತಿಹಾಸ, ಸಾಹಿತ್ಯ, ಭೂಗೋಳಗಳ ಪ್ರಶ್ನೆಗಳನ್ನು, ಗೆದ್ದವರ ಕೈಗೆ ಕೊಟ್ಟದ್ದು ನಿಘಂಟು, ವಿಶ್ವಕೋಶಗಳನ್ನು. ಶಾಲಾ ಶಿಕ್ಷಕರು, ನಿವೃತ್ತರು, ವಿದ್ಯಾರ್ಥಿಗಳು ತಮ್ಮ ಓದಿಗೆ ಮನ್ನಣೆ ಸಿಗುವ ಜಾಗವೆಂದು ಅದನ್ನು ಕಂಡರು. ಲೆಪೆರ್ಸ್ ಮೇಲಿನ ಪ್ರೀತಿಯಲ್ಲಿ ಈ ಕೃತಜ್ಞತೆಯೂ ಬೆರೆತಿದೆ ಎಂದು ನಾನು ನಂಬುತ್ತೇನೆ.

ಅವರನ್ನು ಕೆಳಗಿಳಿಸಲಾಗುತ್ತದೆ ಎಂಬ ಸುದ್ದಿ 2015ರ ಡಿಸೆಂಬರ್‌ನಲ್ಲಿ ಹೊರಬಿತ್ತು. ಆಗ ಅವರಿಗೆ 66 ವರ್ಷ. ಅದೇ ವರ್ಷದ ಆಗಸ್ಟ್‌ನಲ್ಲಿ, ಫ್ರಾನ್ಸ್ 3 ಸೇರಿದಂತೆ ಸಾರ್ವಜನಿಕ ವಾಹಿನಿಗಳನ್ನು ನಡೆಸುವ ಫ್ರಾನ್ಸ್ ತೆಲೆವಿಸಿಯೋಂ ಸಂಸ್ಥೆಯ ಅಧ್ಯಕ್ಷ ಸ್ಥಾನಕ್ಕೆ ಬಂದಿದ್ದ ದೆಲ್ಫೀನ್ ಎರ್ನೋತ್ ಅವರು, ತಮ್ಮ ವಾಹಿನಿಗಳಲ್ಲಿ ಐವತ್ತು ದಾಟಿದ ಬಿಳಿಯ ಗಂಡಸರೇ ತುಂಬಿದ್ದಾರೆ, ಇದು ಬದಲಾಗಬೇಕು ಎಂಬರ್ಥದ ಮಾತನ್ನು ಸೆಪ್ಟೆಂಬರ್‌ನಲ್ಲಿ ಬಹಿರಂಗವಾಗಿಯೇ ಆಡಿದ್ದರು. ಹಾಗಾಗಿ ಲೆಪೆರ್ಸ್ ನಿರ್ಗಮನವನ್ನು ಜನ ಆ ಮಾತಿನ ಬೆಳಕಿನಲ್ಲೇ ನೋಡಿದರು. ಅವರೂ ತಮ್ಮ ನೋವನ್ನು ಮುಚ್ಚಿಡಲಿಲ್ಲ. ಸಾರ್ವಜನಿಕ ವಾಹಿನಿ ಎಲ್ಲರ ಮುಖವನ್ನೂ ತೋರಿಸಬೇಕೆಂಬ ಆಶಯ ನ್ಯಾಯವಾದದ್ದೇ. ಆದರೆ ದಿನವೂ ಮನೆಗೆ ಬರುತ್ತಿದ್ದ ವ್ಯಕ್ತಿಯನ್ನು ಬೀಳ್ಕೊಡುವ ಕ್ರಮಕ್ಕೆ ಇನ್ನಷ್ಟು ಘನತೆ ಬೇಕಿತ್ತು. 2016ರ ಫೆಬ್ರವರಿ 22ರಂದು ಪತ್ರಕರ್ತ ಸಾಮ್ಯುಯೆಲ್ ಎಟಿಯೆನ್ ಅವರು ಆ ಸ್ಥಾನಕ್ಕೆ ಬಂದರು.

ಹೋಲಿಕೆಗೆ ನಾಗಿ ಅವರನ್ನು ನೋಡಿ. 1961ರಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಹುಟ್ಟಿದ ಅವರು 2007ರಿಂದ ಫ್ರಾನ್ಸ್ 2ರಲ್ಲಿ ಹಾಡಿನ ಸಾಹಿತ್ಯ ನೆನಪಿಸಿಕೊಳ್ಳುವ ‘ನುಬ್ಲಿಯೆ ಪಾ ಲೆ ಪಾರೋಲ್’ ಆಟವನ್ನು ನಡೆಸುತ್ತಿದ್ದಾರೆ. ಅದನ್ನು ತಯಾರಿಸುವುದೂ ಅವರದೇ ಏರ್ ಪ್ರೊಡಕ್ಷನ್ಸ್. ನಿರೂಪಕರೇ ನಿರ್ಮಾಪಕರೂ ಆದಾಗ ವಾಹಿನಿಯೊಡನೆ ಮಾತುಕತೆ ನಡೆಯುವ ರೀತಿಯೇ ಬೇರೆ. ಲೆಪೆರ್ಸ್ ಕೈಯಲ್ಲಿ ಅಂಥ ಬಲ ಇರಲಿಲ್ಲ.

ನದೀತೀರ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಲ್ವಾರ್ ನದಿಯ ಉದಾಹರಣೆಯನ್ನು ಗಟ್ಟಿಯಾಗಿ ಓದಿದೆ. ‘ಓರ್ಲಿಯಾನ್’ ಎಂಬಲ್ಲಿ ನನಗರಿವಿಲ್ಲದೆಯೇ ದನಿ ಎತ್ತರವಾಯಿತು. ಹಾಗಾದರೆ ನನ್ನದು ಇನ್ನೊಂದು ಪ್ರಶ್ನೆ: ಒಂದೇ ಆಟಕ್ಕೆ ಅಂಟಿಕೊಳ್ಳದೆ ಹಲವು ಆಟಗಳಲ್ಲಿ ಹೆಸರು ಮಾಡಿದ ನಿರೂಪಕರು ಫ್ರಾನ್ಸಿನಲ್ಲಿ ಇದ್ದಾರೆಯೇ? ಅಂಥವರ ಪಕ್ಕದಲ್ಲಿ ಲೆಪೆರ್ಸ್ ಅವರನ್ನು ಎಲ್ಲಿ ಇಡಬೇಕು?

ಉತ್ತರ: ಹಳೆಯ ವೀಕ್ಷಕಿ

ಆ ಸಾಲಿನಲ್ಲಿ ನನಗೆ ಮೊದಲು ನೆನಪಾಗುವವರು ಪತ್ರೀಸ್ ಲಾಫೋಂ. ಅರ್ಮಾಂ ಜಾಮೋ ರೂಪಿಸಿದ ‘ದೆ ಶಿಫ್ರ್ ಎ ದೆ ಲೆತ್ರ್’ ಎಂಬ ಅಂಕಿ ಮತ್ತು ಅಕ್ಷರಗಳ ಆಟವನ್ನು ಅವರು 1972ರಿಂದ 1989ರವರೆಗೆ ನಡೆಸಿದರು. ಬ್ರಿಟನ್ನಿನ ಚಾನೆಲ್ 4 ವಾಹಿನಿ 1982ರಲ್ಲಿ ಪ್ರಸಾರ ಆರಂಭಿಸಿದಾಗ ಮೊತ್ತಮೊದಲು ತೋರಿಸಿದ ‘ಕೌಂಟ್‌ಡೌನ್’ ಈ ಫ್ರೆಂಚ್ ಆಟದ್ದೇ ರೂಪಾಂತರ. ಹೀಗೆ ಒಂದು ಆಟ ಇಂಗ್ಲೆಂಡಿಗೆ ಹೋಯಿತು, ಇನ್ನೊಂದು ಅಲ್ಲಿಂದ ಬಂದಿತು. ಆಮೇಲೆ ಲಾಫೋಂ 1990ರಲ್ಲಿ ಸಮುದ್ರದ ನಡುವಿನ ಕೋಟೆಯಲ್ಲಿ ನಡೆಯುವ ಸಾಹಸದ ಆಟ ‘ಫೋರ್ ಬ್ವಾಯಾರ್’ಗೆ ಬಂದರು, ಮರುವರ್ಷ ಪದಗಳ ಆಟವಾದ ‘ಪಿರಮಿದ್’ ಅನ್ನೂ ಕೈಗೆತ್ತಿಕೊಂಡರು. 2024ರ ಆಗಸ್ಟ್‌ನಲ್ಲಿ, 84ನೆಯ ವಯಸ್ಸಿನಲ್ಲಿ ತೀರಿಕೊಂಡರು. ಲಾಫೋಂ ಅವರದು ಮೃದುವಾದ, ತುಂಟತನ ಬೆರೆತ ಮಾತು. ಆಟ ಯಾವುದೇ ಇರಲಿ, ಅವರು ಅದರ ಪಕ್ಕಕ್ಕೆ ಸರಿದು ನಿಲ್ಲಬಲ್ಲವರಾಗಿದ್ದರು, ಆದ್ದರಿಂದಲೇ ಒಂದರಿಂದ ಇನ್ನೊಂದಕ್ಕೆ ಹೋಗುವುದು ಅವರಿಗೆ ಸಾಧ್ಯವಾಯಿತು.

ಲೆಪೆರ್ಸ್ ಪಕ್ಕಕ್ಕೆ ಸರಿಯುವವರಲ್ಲ. ಸ್ಪರ್ಧಿಯ ಊರು, ಉದ್ಯೋಗ, ಹವ್ಯಾಸಗಳನ್ನು ಕೆದಕಿ ಕೇಳುತ್ತಿದ್ದರು, ಕೆಲವೊಮ್ಮೆ ಅವರ ಮಾತು ಮುಗಿಯುವ ಮೊದಲೇ ನಡುವೆ ಬಾಯಿ ಹಾಕುತ್ತಿದ್ದರು. ಇದು ನನಗೆ ಹಿಡಿಸುತ್ತಿರಲಿಲ್ಲ. ಅಂಜಿಕೊಂಡು ನಿಂತ ಸ್ಪರ್ಧಿಗೆ ಆ ಹುರುಪು ಭಾರವಾಗುತ್ತಿದ್ದುದನ್ನು ಅನೇಕ ಸಂಚಿಕೆಗಳಲ್ಲಿ ನೋಡಬಹುದು. ಆದರೆ ಸೋತವರನ್ನು ಅವರು ಅವಸರದಲ್ಲಿ ಕಳುಹಿಸುತ್ತಿರಲಿಲ್ಲ ಎಂಬುದನ್ನೂ ಅಷ್ಟೇ ಪ್ರಾಮಾಣಿಕವಾಗಿ ಹೇಳಬೇಕು.

ಅಂದಹಾಗೆ, ಅವರು ಹೊರಟ ಮೇಲೂ ಆಟ ಉಳಿಯಿತು. ಎಟಿಯೆನ್ ಅವರದು ಶಾಂತವಾದ, ಸುದ್ದಿ ಓದಿ ಪಳಗಿದ ದನಿ. 2020ರ ಕೊನೆಯಲ್ಲಿ ಅಂತರ್ಜಾಲದ ನೇರಪ್ರಸಾರ ತಾಣವಾದ ಟ್ವಿಚ್ ವೇದಿಕೆಗೆ ಹೋಗಿ ಪತ್ರಿಕೆಗಳನ್ನು ಓದಿ ಹೇಳುತ್ತ ಅಲ್ಲಿನ ಎಳೆಯ ವೀಕ್ಷಕರನ್ನೂ ಅವರು ಗಳಿಸಿಕೊಂಡರು. ಲೆಪೆರ್ಸ್ 2016ರಲ್ಲಿಯೇ ಟಿಎಫ್1ರ ‘ದಾನ್ಸ್ ಅವೆಕ್ ಲೆ ಸ್ಟಾರ್’ ನೃತ್ಯಸ್ಪರ್ಧೆಯಲ್ಲಿ ಕಾಣಿಸಿಕೊಂಡರು, ಆದರೆ ಹಿಂದಿನಂತೆ ದಿನನಿತ್ಯದ ಒಡನಾಟ ಮತ್ತೆ ಕೂಡಿಬರಲಿಲ್ಲ. ಲಾಫೋಂ ಹಲವು ಆಟಗಳಿಗೆ ಹೊಂದಿಕೊಂಡ ನಿರೂಪಕರು. ಲೆಪೆರ್ಸ್ ಒಂದೇ ಆಟವನ್ನು ತನ್ನ ದನಿಗೆ ಹೊಂದಿಸಿಕೊಂಡವರು. ಎರಡನೆಯದು ಕಡಿಮೆ ದರ್ಜೆಯ ವೃತ್ತಿಜೀವನ ಎಂದು ನನಗನ್ನಿಸುವುದಿಲ್ಲ, ಆದರೆ ಅದರಲ್ಲಿ ಅಪಾಯ ಹೆಚ್ಚು.

ನೀವು ಕಲಿಯುವ ದೃಷ್ಟಿಯಿಂದ ನೋಡುತ್ತಿರುವುದರಿಂದ ಒಂದು ಸಲಹೆ. ಫ್ರಾನ್ಸಿನ ಅನೇಕ ಊರುಗಳಲ್ಲಿ ಈ ಆಟದ ಹೆಸರಿನ ಕ್ಲಬ್ಬುಗಳಿವೆ. ಅಲ್ಲಿ ಸದಸ್ಯರು ಸೇರಿ, ತಾವೇ ಸರದಿಯ ಮೇಲೆ ನಿರೂಪಕರಾಗಿ, ಗುಂಡಿಗಳನ್ನಿಟ್ಟುಕೊಂಡು ಆಡುತ್ತಾರೆ. ನೀವೂ ಮುಖಾಮುಖಿ ಸುತ್ತಿನ ಪ್ರಶ್ನೆಗಳನ್ನು ಬರೆದುಕೊಂಡು, ಅರ್ಥ ಬಿಡಿಸುವ ಮೊದಲು ಇಪ್ಪತ್ತು ಸೆಕೆಂಡುಗಳಲ್ಲಿ ಸ್ಪಷ್ಟವಾಗಿ ಓದಿ ಮುಗಿಸಲು ಯತ್ನಿಸಿ. ಮೊದಮೊದಲು ಸಂಚಿಕೆಯನ್ನು ನಿಲ್ಲಿಸಿ ನಿಲ್ಲಿಸಿ, ಲೆಪೆರ್ಸ್ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂಬುದನ್ನು ಗುರುತು ಹಾಕಿಕೊಳ್ಳುವುದು ಒಳ್ಳೆಯದು.